ಸರ್ವರ್ ಯಾರ ಮನೆಯಲ್ಲಿಡೋದು?

ಇಂಟರ್ನೆಟ್ ಇನ್ನು ಮುಂದೆ ಯಾರಪ್ಪನ ಆಸ್ತಿಯೂ ಅಲ್ಲವಂತೆ. ದೊಡ್ಡಹಬ್ಬಕ್ಕೆ ಬೆಂಗಳೂರಿನಿಂದ ಬಂದ ಹುಡುಗರು ಉತ್ತರ ಕನ್ನಡದ ಸಿದ್ದಾಪುರದ ಜಗುಲಿಗಳಲ್ಲಿ ಕೂತು ಹೀಗೆ ಹೇಳಿ ಹೋಗಿದ್ದಾರೆ. ಗೂಗಲ್, ಮೆಟಾಗಳ ದೊಡ್ಡಸ್ತಿಕೆ ಮುಗಿಯಿತು. ಬರೆದವನ ಬರಹ ಬರೆದವನದೇ. ಯಾರೂ ಅಳಿಸುವಂತಿಲ್ಲ, ಯಾರೂ ಅಕೌಂಟ್ ಬಂದ್ ಮಾಡುವಂತಿಲ್ಲ. ಓದುಗ ಕೊಟ್ಟ ಕಾಸು ನಡುವೆ ಎಲ್ಲೂ ಸೋರದೆ ನೇರ ಲೇಖಕನ ಕಿಸೆಗೆ. ಕವಳ ತುಂಬಿದ ಬಾಯಲ್ಲಿ ಹಿರಿಯರು ತಲೆಯಾಡಿಸಿದರು. ಅಂಗಳದ ಮೂಲೆಗೆ ಹೋಗಿ ಉಗಿದು ಬಂದ ಮೇಲೆ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಅದೆಲ್ಲಾ ಅಡ್ಡಿಲ್ಲೆ ತಮಾ, ಆ ಮಿಷನ್ನು ಯಾರ ಮನೇಲಿ ಇಡದು?”

ಹುಡುಗರು ನಕ್ಕರು. ನಗಬಾರದಿತ್ತು.

ವಿಕೇಂದ್ರೀಕರಣದ ವಿಷಯದಲ್ಲಿ ಈ ತಾಲೂಕಿಗೆ ಪಾಠ ಹೇಳುವವರು ಸ್ವಲ್ಪ ಹಿಂದಿನದ್ದನ್ನು ಓದಿಕೊಂಡು ಬರಬೇಕು. ಇದೇ ಸಿದ್ದಾಪುರದ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದರು. ಅವರೂ ಅಬ್ದುಲ್ ನಜೀರ್ ಸಾಬರೂ ಸೇರಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆ ತಂದರು. 1987ರ ಜನವರಿಯಲ್ಲಿ ಚುನಾವಣೆಯೂ ನಡೆಯಿತು. ವಿಧಾನಸೌಧದಲ್ಲಿ ಕೂತಿದ್ದ ಅಧಿಕಾರ ಬಸ್ಸು ಹತ್ತಿ ಹಳ್ಳಿಗೆ ಬಂತು. ಐದು ವರ್ಷ ತುಂಬಿತು. ಆಮೇಲೆ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕುರ್ಚಿಯಲ್ಲಿ ಕೂತರು. ಹೊಸ ಕಾಯ್ದೆಗೆ 1993ರ ತನಕ ಕಾಯಬೇಕಾಯಿತು. ಹಂಚಿದವರು ಅತ್ತ ಹೋದದ್ದೇ ತಡ, ಅಧಿಕಾರ ಬಂದ ಬಸ್ಸಿನಲ್ಲೇ ವಾಪಸು ಹೊರಟದ್ದನ್ನು ಕಣ್ಣಾರೆ ಕಂಡವರು ಇಲ್ಲಿನವರು. ಹಾಗಾಗಿ ಯಾರಾದರೂ ಬಂದು ‘ಇನ್ನು ಮೇಲೆ ಎಲ್ಲ ನಿಮ್ಮದೇ’ ಎಂದರೆ, ಜನ ಚಪ್ಪಾಳೆ ತಟ್ಟುವ ಮೊದಲು ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂದು ವಿಚಾರಿಸುತ್ತಾರೆ.

ಹುಡುಗರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಅವರು ‘ಬರುತ್ತದೆ, ಬರುತ್ತದೆ’ ಎನ್ನುವ ಆ ಇಂಟರ್ನೆಟ್ ಒಮ್ಮೆ ಬಂದು, ನಮ್ಮ ಜೊತೆ ಕೆಲವು ವರ್ಷ ಇದ್ದು, ಹೋಗಿಯೂ ಆಗಿದೆ. ಅದನ್ನು ಓಡಿಸಿದ್ದು ಯಾವ ಅಮೆರಿಕದ ಕಂಪನಿಯೂ ಅಲ್ಲ. ಕನ್ನಡದ ಬ್ಲಾಗಿಗರೇ.

ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆ ತೆಗೆದಾಗ ನಮ್ಮ ಕಡೆ ಎಸ್‌ಟಿಡಿ ಬೂತೇ ಒಂದು ಅದ್ಭುತ. 1998ರಲ್ಲಿ ‘ಬರಹ’ ತಂತ್ರಾಂಶ ಬಂತು. 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ಶುರುವಾಯಿತು. ಯುನಿಕೋಡ್ ಕೈಗೆ ಹತ್ತಿದ ಮೇಲಂತೂ ಬ್ಲಾಗುಗಳ ಸುಗ್ಗಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರಗಳಿಂದ ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದ್ದವರಿಗೆಲ್ಲ ಒಮ್ಮೆಲೇ ಊರಿನ ಮಳೆ ನೆನಪಾಯಿತು. ಬ್ಲಾಗಿನ ಹೆಸರಲ್ಲಿ ಒಂದು ಹನಿ, ಒಂದು ಮೌನ ಅಥವಾ ಕನಿಷ್ಠ ಒಂದು ಭಾವ ಇರಲೇಬೇಕೆಂಬುದು ಅಲಿಖಿತ ಕಾನೂನು. ಒಳಗೆ ಸೋಗೆ ಮನೆ, ಕಂಬಳಿಕೊಪ್ಪೆ, ಅಪ್ಪೆಮಿಡಿ, ಅಜ್ಜಿ ಮತ್ತು ಬಚ್ಚಲೊಲೆ. ಆ ಕಾಲದಲ್ಲಿ ಬಚ್ಚಲೊಲೆಯ ಬೆಂಕಿಯ ಮೇಲೆ ಬಂದಷ್ಟು ಕನ್ನಡ ಗದ್ಯ ಬೇರೆ ಯಾವ ಬೆಂಕಿಯ ಮೇಲೂ ಬಂದಿರಲಿಕ್ಕಿಲ್ಲ. ಒಲೆಗೆ ಕಟ್ಟಿಗೆ ಒಟ್ಟುತ್ತ, ಹೊಗೆಗೆ ಕೆಮ್ಮುತ್ತ ಊರಲ್ಲಿ ಉಳಿದಿದ್ದ ಅಪ್ಪನಿಗೆ ಮಾತ್ರ ಬ್ಲಾಗಿನ ವಿಳಾಸ ಕೊಟ್ಟಿರಲಿಲ್ಲ.

ನಕ್ಕದ್ದು ಸಾಕು. ಆ ವ್ಯವಸ್ಥೆ ನಿಜಕ್ಕೂ ಚೆನ್ನಾಗಿತ್ತು. ಬ್ಲಾಗರ್ ಗೂಗಲ್‌ನದೇ ಆದರೂ, ಪ್ರತಿ ಬ್ಲಾಗಿಗೂ ಅದರದೇ ಮನೆ, ಅದರದೇ ಬಾಗಿಲು. ಬೇಡವೆಂದರೆ ವರ್ಡ್‌ಪ್ರೆಸ್, ಅದೂ ಬೇಡವೆಂದರೆ ಸ್ವಂತ ಡೊಮೇನ್. ಆರ್‌ಎಸ್‌ಎಸ್ ಎಂಬ ಸರಳ ಉಪಾಯದಿಂದ ಓದುಗ ತನಗೆ ಬೇಕಾದ ಇಪ್ಪತ್ತು ಬ್ಲಾಗುಗಳನ್ನು ಒಂದೇ ಕಡೆ ಓದುತ್ತಿದ್ದ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಯಾವ ಕಂಪನಿಯೂ ತೀರ್ಮಾನಿಸುತ್ತಿರಲಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ, ಅಷ್ಟೇ. ಆದಾಯಕ್ಕೆ ಬದಲು ಕಮೆಂಟು. “ತುಂಬಾ ಚೆನ್ನಾಗಿದೆ, ಕಣ್ಣು ತುಂಬಿ ಬಂತು, ನನ್ನ ಬ್ಲಾಗಿಗೂ ಒಮ್ಮೆ ಭೇಟಿ ಕೊಡಿ.” ಇವತ್ತು ನಿಮ್ಮ ಮನೆಯ ಅಡಿಕೆ ಸುಲಿಯಲು ನಾವು, ನಾಳೆ ನಮ್ಮ ಮನೆಗೆ ನೀವು ಎನ್ನುವ ಮುರಿಯಾಳು ಪದ್ಧತಿಯೇ ಇದು. ನಾಣ್ಯ ಬೇಕಿಲ್ಲ, ವ್ಯಾಲೆಟ್ ಬೇಕಿಲ್ಲ, ಬ್ಲಾಕ್‌ಚೈನ್ ಬೇಕೇ ಇಲ್ಲ. ಲೆಕ್ಕ ಎಲ್ಲರ ತಲೆಯಲ್ಲಿ ಇರುತ್ತಿತ್ತು, ಬರದವರ ಮೇಲೆ ಸಿಟ್ಟೂ ಸಹ.

ಆಮೇಲೆ ಫೇಸ್‌ಬುಕ್ ಬಂತು. ಬ್ಲಾಗಿನಲ್ಲಿ ಕಮೆಂಟು ಹಾಕಲು ಕೊನೇ ಪಕ್ಷ ಶೀರ್ಷಿಕೆಯನ್ನಾದರೂ ಓದಬೇಕಿತ್ತು. ಲೈಕ್ ಒತ್ತಲು ಅದೂ ಬೇಡ. ಎಂಟುನೂರು ಪದ ಬರೆದು ಹನ್ನೊಂದು ಕಮೆಂಟು ಪಡೆಯುತ್ತಿದ್ದವರು, ‘ಊರಲ್ಲಿ ಮಳೆಯಂತೆ, ಇಲ್ಲಿ ನಾನು’ ಎಂಬ ಒಂದು ಸಾಲಿಗೆ ನೂರಿಪ್ಪತ್ತು ಲೈಕು ಬಂದದ್ದು ಕಂಡು ಬೆಕ್ಕಸ ಬೆರಗಾದರು. ಸ್ವಂತ ಮನೆಗೆ ಬೀಗ ಜಡಿದು ಛತ್ರದಲ್ಲಿ ವಾಸಕ್ಕೆ ಹೊರಟರು. ಯಾರೂ ಕುತ್ತಿಗೆ ಹಿಡಿದು ದಬ್ಬಿರಲಿಲ್ಲ. ಬ್ಲಾಗುಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ನಮ್ಮ ಬ್ಲಾಗಿಗರಲ್ಲಿ ಹೆಚ್ಚಿನವರಿಗೆ ಸುದ್ದಿ ತಲುಪಿದ್ದೂ ಫೇಸ್‌ಬುಕ್ಕಿನಲ್ಲೇ. ಆ ಬ್ಲಾಗುಗಳಲ್ಲಿ ಎಷ್ಟೋ ಇವತ್ತಿಗೂ ಹಾಗೇ ಇವೆ, ಪುಕ್ಕಟೆಯಾಗಿ. ಯಾವುದನ್ನೇ ತೆರೆಯಿರಿ, ಕೊನೆಯ ಬರಹ ಒಂದೇ ಧಾಟಿಯದು: ‘ಬಹಳ ದಿನಗಳ ನಂತರ ಬ್ಲಾಗಿನತ್ತ ಮುಖ ಮಾಡಿದ್ದೇನೆ, ಇನ್ನು ಮುಂದೆ ನಿಯಮಿತವಾಗಿ ಬರೆಯುತ್ತೇನೆ.’ ತಾರೀಖು ನೋಡಿದರೆ ಆ ಮಾತು ಹುಟ್ಟಿದ ವರ್ಷ ಹುಟ್ಟಿದ ಮಗು ಈಗ ಹೈಸ್ಕೂಲಿನಲ್ಲಿದೆ.

ಹಾಗಂತ ಛತ್ರದವರು ಸಂಭಾವಿತರು ಎಂದೇನೂ ಅಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅಲ್ಲಿನ ಜಗಳ, ಪ್ರೇಮ, ಸಮುದಾಯ ಎಲ್ಲ ಗುಡಿಸಿಹೋಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು, ಅತ್ತವರು ಕಡಿಮೆ. 2020ರ ಜೂನ್ 29ರ ರಾತ್ರಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ನಿನ್ನೆಯವರೆಗೆ ಲಕ್ಷ ಜನ ನೋಡುತ್ತಿದ್ದ ಹಳ್ಳಿಯ ಹುಡುಗ ಬೆಳಗಾಗುವುದರೊಳಗೆ ಬರೀ ಹಳ್ಳಿಯ ಹುಡುಗನಾದ. ಹಿಂದಿ ಬರಹಗಳಿಗೆ ಗೂಗಲ್ 2014ರಲ್ಲೇ ಜಾಹೀರಾತಿನ ಬಾಗಿಲು ತೆರೆದರೆ ಕನ್ನಡದವರು ಹೊಸ್ತಿಲಾಚೆ ಇನ್ನೂ ವರ್ಷಗಟ್ಟಲೆ ನಿಂತಿದ್ದರು. ಬೇರೆಯವರ ಮಾಡಿನ ಕೆಳಗೆ ಸಂಸಾರ ಹೂಡಿದವರ ಪಾಡು ಇದೇ. ಹುಡುಗರ ರೋಗನಿರ್ಣಯ ಸರಿಯಾಗಿಯೇ ಇದೆ. ಮದ್ದಿನ ಬಾಟಲಿಯ ಮೇಲೆ ಏನು ಬರೆದಿದೆ ಎಂದು ಅವರು ಓದಿಲ್ಲ, ಅಷ್ಟೇ.

ನಮ್ಮದೇ ಹಕ್ಕಿಯ ಕತೆ ಕೇಳಿ. ‘ಕೂ’ ಎಂಬ ಆ್ಯಪ್ 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು, ಬಾಯಿಬಿಟ್ಟ ಮೊದಲ ಭಾಷೆ ಕನ್ನಡ. ಇಂಗ್ಲಿಷಿನವರಿಗೆ ಟ್ವಿಟರ್ ಇದ್ದರೆ ನಮಗೆ ಇದು ಎಂದು ಎದೆಯುಬ್ಬಿಸಿದೆವು. ಕನ್ನಡ ತಾಯಿಯ ದೇವಸ್ಥಾನ ಇರುವುದು ಇದೇ ತಾಲೂಕಿನ ಭುವನಗಿರಿಯಲ್ಲಿ. ಪ್ರತಿ ರಾಜ್ಯೋತ್ಸವಕ್ಕೆ ಆ ಮೆಟ್ಟಿಲ ಮೇಲೆ ಕೆಂಪು ಹಳದಿ ಶಾಲು ಹೊದ್ದು ಸೆಲ್ಫಿ ತೆಗೆಯುವವರು ಅದನ್ನು ಹಾಕುತ್ತಿದ್ದದ್ದು ಇನ್‌ಸ್ಟಾಗ್ರಾಂಗೆ. ಕನ್ನಡದಲ್ಲಿ ಕೂಗುವ ಹಕ್ಕಿಯೊಂದಿದೆ ಎಂದು ಹೆಚ್ಚಿನವರಿಗೆ ಮರೆತೇ ಹೋಗಿತ್ತು. 2024ರ ಜುಲೈನಲ್ಲಿ ಅದು ಕಣ್ಣುಮುಚ್ಚಿತು. ಸ್ಥಾಪಕರು ಮರಣವಾರ್ತೆ ಪ್ರಕಟಿಸಿದ್ದು ಲಿಂಕ್ಡ್‌ಇನ್‌ನಲ್ಲಿ. ಸ್ವದೇಶಿ ಹಕ್ಕಿಯ ಉತ್ತರಕ್ರಿಯೆಗೂ ಮೈಕ್ರೋಸಾಫ್ಟ್‌ನ ಅಂಗಳವೇ ಬೇಕಾಯಿತು.

ಅದಕ್ಕೂ ಮುಂಚೆ ಮಾಸ್ಟಡಾನ್ ಪ್ರಕರಣವಿದೆ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ನಾಜಿ ವಂದನೆ ಸಲ್ಲಿಸದೆ ಕೈಕಟ್ಟಿ ನಿಂತ ಒಬ್ಬನೇ ಒಬ್ಬನ ಹಳೆಯ ಫೋಟೋ ಹಾಕಿದ್ದೇ ಅಪರಾಧ. (ಹೆಗಡೇರ ಅಕೌಂಟ್ ಬಂದ್ ಆತಡಾ ಎಂದರೆ ಸಿದ್ದಾಪುರದಲ್ಲಿ ಮೊದಲು ಯಾವ ಹೆಗಡೇರು, ಯಾವ ಬ್ಯಾಂಕು ಎಂದು ಕೇಳಬೇಕಾಗುತ್ತದೆ, ಅದು ಬೇರೆ ಮಾತು.) ಸಿಟ್ಟಿಗೆದ್ದ ಭಾರತೀಯರು ಆ ನವೆಂಬರ್‌ನಲ್ಲಿ ದಂಡುಗಟ್ಟಿ ಮಾಸ್ಟಡಾನ್‌ಗೆ ಹೊರಟರು. ಅದಕ್ಕೆ ಒಡೆಯನಿಲ್ಲ, ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ಒಬ್ಬರಿಗೊಬ್ಬರು ಮಾತಾಡಿಕೊಳ್ಳಬಹುದು. ಹೋದವರು ಹೋದೆವೆಂದು ತಿಳಿಸಿದ್ದು ಟ್ವಿಟರ್‌ನಲ್ಲಿ. ಮಾಸ್ಟಡಾನ್‌ನಲ್ಲಿ ಜಗಳಕ್ಕೆ ಸಾಕಷ್ಟು ಜನ ಸಿಗಲಿಲ್ಲವೆಂದು ಬಹುಪಾಲು ಮಂದಿ ಮರಳಿ ಬಂದರು. ಕ್ರಾಂತಿಕಾರಿಗೂ ಪ್ರೇಕ್ಷಕರು ಬೇಕು.

ಒಡೆಯನಿಲ್ಲದ ಆ ಲೋಕದಲ್ಲಿ ಒಡೆತನ ಎಲ್ಲಿ ಅಡಗಿ ಕೂತಿರುತ್ತದೆ ಅನ್ನುವುದೂ ತಮಾಷೆಯೇ. ಮಾಸ್ಟಡಾನ್‌ನ ಒಂದು ಸರ್ವರ್ ‘.ಎಎಫ್’ ಎಂದು ಕೊನೆಯಾಗುವ ಮೋಜಿನ ವಿಳಾಸ ಇಟ್ಟುಕೊಂಡಿತ್ತು. ಆ ಎರಡಕ್ಷರ ಅಫ್ಘಾನಿಸ್ತಾನದ್ದು. 2024ರ ಫೆಬ್ರವರಿಯಲ್ಲಿ ತಾಲಿಬಾನ್ ಸರ್ಕಾರ ವಿಳಾಸವನ್ನೇ ಕಿತ್ತುಕೊಂಡಿತು. ಅಮೆರಿಕದ ಕುಬೇರರಿಂದ ತಪ್ಪಿಸಿಕೊಂಡವರು ನೇರ ಕಾಬೂಲಿನ ಮುಲ್ಲಾಗಳ ಕೈಗೆ. ಇನ್ನು ಕೆಲವು ಸರ್ವರ್‌ಗಳು, ನಡೆಸುತ್ತಿದ್ದ ಒಬ್ಬನೇ ಪುಣ್ಯಾತ್ಮನಿಗೆ ಪುರುಸೊತ್ತು ಸಾಲದೆ ಮುಚ್ಚಿಹೋದವು. ಅವನ ತಪ್ಪಿಲ್ಲ. ಸಾವಿರಾರು ಜನರ ಜಗಳ ಬಿಡಿಸುವ ಬಿಟ್ಟಿ ಚಾಕರಿಯನ್ನು ಸಂಸಾರಸ್ಥ ಎಷ್ಟು ದಿನ ಮಾಡಿಯಾನು?

‘ಅದು ಹಳೇ ಕತೆ, ಈಗ ಬ್ಲಾಕ್‌ಚೈನ್ ಇದೆಯಲ್ಲ’ ಎಂದರು ಹುಡುಗರು. ಇದೆ. ಸ್ಟೀಮಿಟ್ ಕೂಡ ಇತ್ತು. 2016ರಲ್ಲಿ ಶುರುವಾದ ಅದು ಬ್ಲಾಗಿಗರ ಸ್ವರ್ಗ ಅನ್ನಿಸಿಕೊಂಡಿತ್ತು: ಬರೆದರೆ ನಾಣ್ಯ, ಮೆಚ್ಚಿದರೂ ನಾಣ್ಯ. ಮೆಚ್ಚುಗೆಗೆ ಎಷ್ಟು ಬೆಲೆ ಎನ್ನುವುದು ಮಾತ್ರ ಮೆಚ್ಚಿದವನ ಬಳಿ ಎಷ್ಟು ನಾಣ್ಯ ಇದೆ ಎನ್ನುವುದರ ಮೇಲೆ. ಸಾಹುಕಾರ ತಲೆದೂಗಿದರೆ ಮಹಾಕಾವ್ಯ, ಬಡವ ಕಣ್ಣೀರಿಟ್ಟರೂ ಚಿಲ್ಲರೆ. 2020ರ ಫೆಬ್ರವರಿಯಲ್ಲಿ ಟ್ರಾನ್ ನಾಣ್ಯದ ಧಣಿ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನೇ ಖರೀದಿಸಿದರು. ಕಂಪನಿ ಮೊದಲಿನಿಂದ ಬಚ್ಚಿಟ್ಟುಕೊಂಡಿದ್ದ ನಾಣ್ಯದ ರಾಶಿಯೂ ಜೊತೆಗೆ ಬಂತು. ಜಾಲ ನಡೆಸುವ ‘ಸಾಕ್ಷಿ’ಗಳು ದಿಗಿಲಾಗಿ ಆ ರಾಶಿಗೆ ತಡೆ ಹಾಕಿದರು. ಮಾರ್ಚ್ ಆರಂಭದಲ್ಲಿ ದೊಡ್ಡ ದೊಡ್ಡ ನಾಣ್ಯ ವಿನಿಮಯ ಕೇಂದ್ರಗಳು, ಗಿರಾಕಿಗಳು ನಂಬಿ ಇಟ್ಟಿದ್ದ ನಾಣ್ಯಗಳನ್ನೇ ಮತಪೆಟ್ಟಿಗೆಗೆ ಸುರಿದು, ಹಳೇ ಸಾಕ್ಷಿಗಳನ್ನು ಕೆಳಗಿಳಿಸಿ ಹೊಸಬರನ್ನು ಕೂರಿಸಿದವು. ಕೂರಿಸಿದ್ದು ಯಾರ ಕಡೆಯವರನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ 20ಕ್ಕೆ ಬಳಕೆದಾರರ ಒಂದು ದಂಡು ಹೊರಬಂದು ‘ಹೈವ್’ ಎಂಬ ಬೇರೆ ಸರಪಳಿ ಕಟ್ಟಿಕೊಂಡಿತು. ಯಕ್ಷಗಾನ ಮೇಳಗಳು ಒಡೆದು ಎರಡಾದದ್ದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಹೊಸ ಮೇಳದ ಹ್ಯಾಂಡ್‌ಬಿಲ್ಲು ಇಂಗ್ಲಿಷಿನಲ್ಲಿತ್ತು, ಅಷ್ಟೇ.

ಇಲ್ಲೇ ನನಗೆ ನಮ್ಮ ಹಿರಿಯರ ಬುದ್ಧಿಯ ಮೇಲೆ ಗೌರವ ಉಕ್ಕುತ್ತದೆ. ಅಡಿಕೆ ಬೆಳೆಗಾರರನ್ನು ದಲಾಲರ ಕೈಯಿಂದ ಬಿಡಿಸಲು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ, ಅಂದರೆ ಈಗಿನ ಟಿಎಸ್‌ಎಸ್, ಹುಟ್ಟಿತು. ಸಿದ್ದಾಪುರಕ್ಕೆ ಟಿಎಂಎಸ್ ಬಂತು. ಸಹಕಾರ ತತ್ವದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತೆಕರೆಯ ಹೆಗಡೇರಿಗೂ ಹತ್ತು ಗುಂಟೆಯ ನಾಯ್ಕರಿಗೂ ಒಂದೇ. ಷೇರು ಎಷ್ಟೇ ಇರಲಿ, ಬೆರಳಿಗೆ ಶಾಯಿ ಒಂದೇ ಸಲ. ನೂರು ವರ್ಷ ಹಿಂದೆ ಅಡಿಕೆ ಸುಲಿಯುವ ಕೈಗಳಿಗೆ ಹೊಳೆದ ಈ ಸಣ್ಣ ಸಂಗತಿ ಸಿಲಿಕಾನ್ ಕಣಿವೆಯ ಮೇಧಾವಿಗಳಿಗೆ ಇನ್ನೂ ಹೊಳೆದಿಲ್ಲ. ಅವರು ಒಂದು ನಾಣ್ಯಕ್ಕೆ ಒಂದು ಮತ ಎಂಬ ಜಮೀನ್ದಾರಿಯನ್ನು ಕಂಪ್ಯೂಟರಿಗೆ ಹಾಕಿ ಅದಕ್ಕೆ ಪ್ರಜಾಪ್ರಭುತ್ವ ಎಂದು ಹೆಸರಿಟ್ಟಿದ್ದಾರೆ. ನಮ್ಮ ಸಹಕಾರಿ ಚುನಾವಣೆಗಳೂ ರಾಮರಾಜ್ಯದ ನಮೂನೆಗಳಲ್ಲ. ಆದರೂ ಅಲ್ಲಿ ಮತ ಬೇಕಾದವರು ಮನೆ ಮನೆಗೆ ಬಂದು ಜಗುಲಿಯಲ್ಲಿ ಕೂತು ಆಸರಿ ಕುಡಿದು ಕೈ ಮುಗಿಯಬೇಕು. ಜಸ್ಟಿನ್ ಸನ್ ಯಾರ ಜಗುಲಿಗೂ ಬರಲಿಲ್ಲ.

ಇನ್ನು ಈ ಬ್ಲಾಕ್‌ಚೈನ್ ಸ್ವರ್ಗಗಳ ಬೀಗದ ಕೈ. ನಿಮ್ಮ ಖಾತೆಗೆ ಪಾಸ್‌ವರ್ಡ್ ಬದಲು ಸಾಮಾನ್ಯವಾಗಿ ಹನ್ನೆರಡು ಪದಗಳ ಗುಪ್ತಮಂತ್ರ ಇರುತ್ತದೆ. 2048 ಪದಗಳ ಪಟ್ಟಿಯಿಂದ ಹೆಕ್ಕಿದ್ದು. ಇಂಗ್ಲಿಷ್, ಜಪಾನಿ, ಝೆಕ್ ಪಟ್ಟಿಗಳಿವೆ, ಕನ್ನಡದ್ದಿಲ್ಲ. ಮಂತ್ರ ಮರೆತರೆ ಮುಗಿಯಿತು. ಬರಹ, ಗಳಿಕೆ, ಹೆಸರು ಎಲ್ಲ ಹೋಯಿತು, ದೂರು ಕೊಡಲು ಯಾರೂ ಇಲ್ಲ. ಯಾರೂ ಇಲ್ಲದಿರುವುದೇ ಅದರ ವೈಶಿಷ್ಟ್ಯವಂತೆ. ವಿಷ್ಣುಸಹಸ್ರನಾಮವನ್ನು ಒಂದೂ ತಪ್ಪದೆ ಹೇಳುವ ಅಜ್ಜಿಗೆ ಈ ತಂತ್ರಜ್ಞಾನ ಹೇಳಿ ಮಾಡಿಸಿದಂತಿದೆ. ಮನೆಯ ವೈಫೈ ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ಮೊಮ್ಮಗನ ಗತಿ ಏನು?

‘ಶಾಶ್ವತ’ ಎನ್ನುವ ಮಾತನ್ನೂ ನೋಡಿಬಿಡೋಣ. ಐಪಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಹಾಕಿದ ಬರಹಕ್ಕೆ ಅಳಿವಿಲ್ಲ ಎನ್ನುತ್ತಾರೆ. ಸಣ್ಣ ಅಕ್ಷರದಲ್ಲಿ ಇನ್ನೊಂದು ವಾಕ್ಯವಿದೆ: ಯಾರಾದರೂ ಒಬ್ಬರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ತನಕ. ಅಂದರೆ ನಿಮ್ಮ ಕವನ ಅಮರ, ಯಾರಿಗಾದರೂ ಬೇಕಾದರೆ. ಈ ನಿಯಮ ಪಂಪನ ಕಾಲದಲ್ಲೂ ಇತ್ತು, ಓಲೆಗರಿಯ ಮೇಲೆ.

ಈಗ ನಮ್ಮ ತಾಲೂಕಿನ ಹಾಲಿ ‘ಕಂಟೆಂಟ್ ಕ್ರಿಯೇಟರ್’ಗಳ ಸಮಾಚಾರ. ಬ್ಲಾಗು ಹೋಗಿ ವ್ಲಾಗು ಬಂದಿದೆ. ಬಚ್ಚಲೊಲೆ ಅದೇ, ಈಗ ಅದರ ಮೇಲೆ ಡ್ರೋನ್ ಹಾರುತ್ತದೆ. ತೊಡದೇವು ಮಾಡುವ ಕೈ, ಅಪ್ಪೆಹುಳಿ ಕುದಿಯುವ ಸದ್ದು, ಜುಲೈನಲ್ಲಿ ಜೋಗ, ನಡುನಡುವೆ ‘ನಮ್ಮ ಹಳ್ಳಿಯ ಸರಳ ಬದುಕು’. ಆ ಸರಳತೆಯ ಎಡಿಟಿಂಗಿಗೆ ಮೂರು ದಿನ ಹಿಡಿಯುತ್ತದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಲು ಸಾವಿರ ಚಂದಾದಾರರು, ವರ್ಷದೊಳಗೆ 4000 ಗಂಟೆಯ ವೀಕ್ಷಣೆ ಬೇಕು. ಹಾಗಾಗಿ ಮದುವೆ ಮನೆಯಲ್ಲಿ ಊಟಕ್ಕೆ ಕೂತವರ ಫೋನಿಗೂ ಕೈ ಹಾಕಿ ಸಬ್‌ಸ್ಕ್ರೈಬ್ ಒತ್ತುವ ಹುಡುಗರಿದ್ದಾರೆ. ಪಾಯಸ ಬಡಿಸುವವರಿಗೆ ಇಲ್ಲದ ಒತ್ತಾಯ ಇವರಿಗಿದೆ. ಭಾಗವತಿಕೆಯ ತುಣುಕು ಹಾಕಿದರೆ ಯಾವುದೋ ಕ್ಯಾಸೆಟ್ ಕಂಪನಿಯ ಹಕ್ಕುಸ್ವಾಮ್ಯದ ತಕರಾರು. ಈ ಹುಡುಗರಿಗೆ ‘ಪೀರ್‌ಟ್ಯೂಬ್‌ಗೆ ಬನ್ನಿ, ಅಲ್ಲಿ ಧಣಿಗಳಿಲ್ಲ’ ಎಂದರೆ ಅವರ ಮೊದಲ ಪ್ರಶ್ನೆ ‘ನೋಡುವವರು ಇದ್ದಾರಾ?’ ಇದ್ದಾರೆ, ಮತ್ತು ನೋಡುವವನ ಫೋನೇ ಪಕ್ಕದ ನೋಡುಗನಿಗೆ ವಿಡಿಯೋದ ಚೂರುಗಳನ್ನು ಕಳಿಸಿ ಭಾರ ಹಂಚಿಕೊಳ್ಳುತ್ತದೆ. ಕಿಟಕಿಯ ಸರಳಿಗೆ ಫೋನು ತೂಗುಹಾಕಿದರೆ ಮಾತ್ರ ಒಂದು ಕಡ್ಡಿ ಸಿಗ್ನಲ್ ಬರುವ ಮನೆಯಿಂದ ಜಗತ್ತಿಗೆ ಹಂಚುವುದು ಏನನ್ನು?

ನೆನಪಿದೆಯಲ್ಲ, 2020ರ ಲಾಕ್‌ಡೌನ್. ಆನ್‌ಲೈನ್ ಪಾಠ ಕೇಳಲು ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿ ಹತ್ತಿದರು, ಮನೆಯಿಂದ ಕೆಲಸ ಮಾಡಲು ಬಂದವರು ಬೆಟ್ಟದ ಮೇಲೆ ಡೇರೆ ಹೊಡೆದರು. ‘ನೆಟ್‌ವರ್ಕ್ ಇಲ್ಲ, ಓಟೂ ಇಲ್ಲ’ ಎಂದು ಬೋರ್ಡು ಹಾಕಿದ ಊರುಗಳೂ ಇದ್ದವು. 2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿ ಮಂಜೂರು ಮಾಡಿತು. ಟವರುಗಳು ಎದ್ದಿವೆ. ಕರೆಂಟು ಹೋದಾಗ ಬ್ಯಾಟರಿ, ಬ್ಯಾಟರಿ ಹೋದಾಗ ಡೀಸೆಲ್, ಡೀಸೆಲ್ ಮುಗಿದಾಗ ದೇವರು. ಜೋಗದ ನೀರಿನಿಂದ ನಾಡಿಗೆಲ್ಲ ವಿದ್ಯುತ್ತು ಹೋಗಿ ಮುಕ್ಕಾಲು ಶತಮಾನವಾಯಿತು. ಜೋಗದ ಪಕ್ಕದ ತಾಲೂಕಿನಲ್ಲಿ ಮಳೆಗಾಲದ ಸಂಜೆ ಮೊಂಬತ್ತಿ ಇನ್ನೂ ಕೈಗೆಟುಕುವ ಜಾಗದಲ್ಲೇ ಇರುತ್ತದೆ.

ಇಷ್ಟಾದರೂ ಹುಡುಗರ ಮಾತು ಕೇಳಿ ಸಿದ್ದಾಪುರದ ಬರಹಗಾರರೂ ವ್ಲಾಗರುಗಳೂ ಸೇರಿ ತಾಲೂಕಿಗೊಂದು ಸ್ವಂತ ಸರ್ವರ್ ಇಡಲು ಹೊರಟರು ಎಂದುಕೊಳ್ಳಿ. ಸಹಕಾರಿ ಜಿಲ್ಲೆಯಲ್ಲವೇ, ಸರ್ವಸಾಧಾರಣ ಸಭೆ ಇಲ್ಲದೆ ಯಾವುದೂ ಆಗುವುದಿಲ್ಲ. ನಡಾವಳಿ ಪುಸ್ತಕ ಹೀಗಿರುತ್ತದೆ.

ಠರಾವು ನಂ. 1, ಸಂಘಕ್ಕೆ ಹೆಸರಿಡುವ ಬಗ್ಗೆ. ಹೆಸರಿನಲ್ಲಿ ‘ಭುವನೇಶ್ವರಿ’ ಇರಲೇಬೇಕೆಂದು ಒಂದು ಕಡೆಯವರು, ‘ವಿವಿಧೋದ್ದೇಶ’ ಇರಲೇಬೇಕೆಂದು ಇನ್ನೊಂದು ಕಡೆಯವರು. ಒಂದೂವರೆ ತಾಸು ಚರ್ಚೆ. ಮುಂದಿನ ಸಭೆಗೆ ಇಡಲಾಯಿತು. ಅವಲಕ್ಕಿ, ಚಹ.

ಠರಾವು ನಂ. 2, ಸರ್ವರ್ ಇಡುವ ಜಾಗ. ಎಲ್ಲರ ಮನೆಯೂ ಯೋಗ್ಯವೆಂದು ಎಲ್ಲರೂ ಒಪ್ಪಿದರು, ತಮ್ಮದೊಂದನ್ನು ಬಿಟ್ಟು. ಒಬ್ಬರ ಮನೆಯಲ್ಲಿ ಸೋಲಾರ್ ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯ ಇಲ್ಲ. ಒಬ್ಬರ ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದಕ್ಕೆ ಮಿಕ್ಸರ್ ತಗುಲಿಸಲೂ ಹೆಂಡತಿಯ ಅಪ್ಪಣೆ ಬೇಕು. ಕೊನೆಗೆ ಒಬ್ಬ ಸಭ್ಯ ಭಾವ ಒಪ್ಪಿಕೊಂಡರು. ಒಂದೇ ಷರತ್ತು: ಗುಡುಗಿನ ಮೊದಲ ಸದ್ದಿಗೆ ಅವರ ಮನೆಯಲ್ಲಿ ಟಿವಿ, ಫ್ರಿಜ್ಜು, ಪಂಪ್‌ಸೆಟ್ಟು ಎಲ್ಲದರ ಪ್ಲಗ್ ಕೀಳುವ ಪದ್ಧತಿಯಿದೆ, ಇದರದ್ದೂ ಕೀಳಬೇಕಾಗುತ್ತದೆ. “ಸಿಡ್ಲು ಬಡಿದು ಸುಟ್ಟೋದ್ರೆ ಯಾರು ಕೊಡ್ತ್ರು?” ಎಂಬ ಅವರ ಅಮ್ಮನ ಪ್ರಶ್ನೆಗೆ ಸಭೆಯಲ್ಲಿ ಉತ್ತರವಿರಲಿಲ್ಲ. ಏಪ್ರಿಲ್‌ನಿಂದ ಜೂನ್ ತನಕ ಸಂಜೆ ನಾಲ್ಕರ ಮೇಲೆ ಸಿದ್ದಾಪುರದ ಸ್ವತಂತ್ರ ಇಂಟರ್ನೆಟ್ ಮಲಗಿರುತ್ತದೆ ಎಂಬ ತಿದ್ದುಪಡಿಯೊಂದಿಗೆ ಅಂಗೀಕಾರ.

ಠರಾವು ನಂ. 3, ಮಾಡರೇಟರ್ ಆಯ್ಕೆ. ಇತರರ ಬರಹ ಅಳಿಸುವ ಅಧಿಕಾರ ಎಂದು ವಿವರಿಸಿದ ಕೂಡಲೇ ಇಪ್ಪತ್ತಮೂರು ನಾಮಪತ್ರ. 2021ರ ಐಟಿ ನಿಯಮಗಳ ಪ್ರಕಾರ ಒಬ್ಬ ಕುಂದುಕೊರತೆ ಅಧಿಕಾರಿಯೂ ಬೇಕು, ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ನಿಗದಿತ ದಿನಗಳೊಳಗೆ ತೀರ್ಮಾನಿಸಬೇಕು ಎಂದು ಒಬ್ಬ ವಕೀಲರು ತಿಳಿಸಿದರು. ಆ ಹುದ್ದೆಗೆ ನಾಮಪತ್ರ ಸೊನ್ನೆ. ಅವರು ಇನ್ನೂ ಒಂದು ಮಾತು ಸೇರಿಸಿದರು: ಸರ್ಕಾರದ ‘ಸಹಯೋಗ’ ಪೋರ್ಟಲ್ ಮೂಲಕ ಬರುವ ಅಳಿಸುವ ಆದೇಶಗಳನ್ನು ಪ್ರಶ್ನಿಸಿ ಎಲಾನ್ ಮಸ್ಕ್‌ರ ಎಕ್ಸ್ ಕಂಪನಿಯೇ ನಮ್ಮ ಹೈಕೋರ್ಟಿಗೆ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಸೋತು ಬಂದಿದೆ. ಠಾಣೆಯಿಂದ ಫೋನು ಬಂದರೆ ಎತ್ತುವವರು ಯಾರು ಎಂದು ಕೇಳಿದಾಗ ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ನಾಮಪತ್ರ ವಾಪಸಾದವು. ಉಳಿದ ನಾಲ್ವರು ಆಗ ಕವಳ ಉಗಿಯಲು ಹೊರಗೆ ಹೋಗಿದ್ದರು.

ಠರಾವು ನಂ. 4, ಹಾಕಿದ್ದನ್ನು ಯಾರೂ ಯಾವತ್ತೂ ಅಳಿಸಲಾಗದಂತೆ ಬ್ಲಾಕ್‌ಚೈನಿನಲ್ಲಿ ಇಡುವ ಬಗ್ಗೆ. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಲ್ಲಿ ಭಾರೀ ಚಪ್ಪಾಳೆ. ಬಳಿಕ ಒಬ್ಬ ಯುವ ಕವಿ ಎದ್ದು ನಿಂತು, ಮೊದಲ ಪ್ರೇಮದ ಕುರಿತು ತಾನು ಹಿಂದೆ ಬರೆದ ನಲವತ್ತು ಕವನಗಳಿದ್ದು, ಬರುವ ವೈಶಾಖದಲ್ಲಿ ಬೇರೆ ಕಡೆ ಮದುವೆ ನಿಶ್ಚಯವಾಗಿದೆ ಎಂದು ಸಭೆಯ ಗಮನಕ್ಕೆ ತಂದ. ದಾಯಾದಿಗಳ ಹಿಸ್ಸೆ ಜಗಳದ ಬಗ್ಗೆ ‘ಕಾಲ್ಪನಿಕ ಕತೆ’ ಬರೆದಿದ್ದ ಇನ್ನೊಬ್ಬರೂ ಎದ್ದರು. ಶಾಶ್ವತತೆಯನ್ನು ಆರು ತಿಂಗಳಿಗೆ ಮಿತಿಗೊಳಿಸಲಾಯಿತು.

ಠರಾವು ನಂ. 5, ಆದಾಯ ಹಂಚಿಕೆ. ಓದುಗರು ನಾಣ್ಯದಲ್ಲಿ ಕಾಣಿಕೆ ಕೊಡುತ್ತಾರೆ ಎಂದು ಬೆಂಗಳೂರಿನ ಹುಡುಗ ವಿವರಿಸಿದ. ಆ ನಾಣ್ಯ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ, ಜುಲೈನಿಂದ ಶೇ. 1 ಟಿಡಿಎಸ್ ಇದೆಯೆಂದು ಸೊಸೈಟಿಯಲ್ಲಿ ಕೆಲಸ ಮಾಡುವ ಒಬ್ಬರು ಹೇಳಿದರು. ಅಡಿಕೆಗೆ ಕೃಷಿ ಆದಾಯದ ವಿನಾಯಿತಿ ಇರುವಾಗ ಸಾಹಿತ್ಯಕ್ಕೆ ಯಾಕೆ ಕೈ ಹಾಕಬೇಕು ಎಂಬ ಪ್ರಶ್ನೆ ಎದ್ದಿತು. ಓದುಗರು ಎಷ್ಟಿದ್ದಾರೆ ಎಂಬ ಮಾತೂ ಬಂತು. ತಾಲೂಕಿನಲ್ಲಿ ಎಲ್ಲರೂ ದಿನಾ ತಪ್ಪದೆ, ಕೊನೆಯ ಸಾಲಿನವರೆಗೆ ಓದುವ ಬರಹ ಒಂದೇ ಎಂದು ಸಭೆ ಒಕ್ಕೊರಲಿನಿಂದ ಒಪ್ಪಿತು: ರಾಶಿ, ಚಾಲಿ, ಕೆಂಪುಗೋಟು, ಬಿಳೆಗೋಟುಗಳ ಇವತ್ತಿನ ದರಪಟ್ಟಿ. ಅದರ ಲೇಖಕರು ಯಾರೆಂದು ಯಾರಿಗೂ ಗೊತ್ತಿಲ್ಲ. ಒಂದು ಲೈಕನ್ನೂ ಕೇಳದೆ ಬರೆಯುತ್ತಿದ್ದಾರೆ.

ಅಧ್ಯಕ್ಷರ ಆಯ್ಕೆಗೆ ಬಂದಾಗ ಸಂಘ ಒಡೆಯಿತು. ವಿಕೇಂದ್ರೀಕರಣದಲ್ಲಿ ಅಧ್ಯಕ್ಷರೇ ಇರಬಾರದು ಎಂಬುದು ಒಂದು ಬಣದ ವಾದ, ಆ ಬಣಕ್ಕೆ ಆಗಲೇ ಅಧ್ಯಕ್ಷರಿದ್ದರು. ಅವರು ಹೊರನಡೆದು ಬೇರೆ ಸರಪಳಿ ಘೋಷಿಸಿದರು. ಎಲ್ಲರಿಗೂ ವಿಕೇಂದ್ರೀಕರಣ ಬೇಕು, ತಾನು ನಟ್ಟನಡುವೆ ಕೂತಿರುವಂಥದ್ದು.

ಉಳಿದದ್ದು ಠರಾವು ನಂ. 6. ಸಭೆಯ ನಡಾವಳಿಯನ್ನು ಸದಸ್ಯರಿಗೆ ಮುಟ್ಟಿಸಲು ಒಂದು ವಾಟ್ಸ್‌ಆ್ಯಪ್ ಗ್ರೂಪು ಮಾಡತಕ್ಕದ್ದು. ಅನಾವಶ್ಯಕ ಗುಡ್ ಮಾರ್ನಿಂಗುಗಳನ್ನು ತಡೆಯಲು ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಇಡತಕ್ಕದ್ದು. ಸರ್ವಾನುಮತದಿಂದ ಮಂಜೂರು. ಹೊರನಡೆದ ಬಣವೂ ಅದೇ ಸಂಜೆ ತನ್ನ ಗ್ರೂಪು ತೆರೆದು ಅದೇ ಸೆಟ್ಟಿಂಗ್ ಇಟ್ಟುಕೊಂಡಿತು. ಎರಡೂ ಬಣಗಳು ಒಂದಕ್ಷರವೂ ಬದಲಿಸದೆ ಒಪ್ಪಿದ ಠರಾವು ಅದೊಂದೇ.